ಒಂದರಿಂದ ಆರಕ್ಕೆ ಏರಿ ಇಳಿದ ಸಂಖ್ಯೆ

ಸಂಶೋಧನೆ ಶುರುಮಾಡಿದ ಮೊದಲ ವರ್ಷ ನಾನು ಟಿಪ್ಪಣಿಗಳನ್ನು ಕನ್ನಡ ಅಂಕಿಗಳಲ್ಲೇ ಬರೆದುಕೊಳ್ಳುತ್ತಿದ್ದೆ. ಅದೊಂದು ಸಣ್ಣ ಹಟ. ಆ ಹಟದಿಂದಾಗಿ ಒಂದು ಮಧ್ಯಾಹ್ನವಿಡೀ ಕಳೆದುಹೋಯಿತು. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಿಂದ ಒಂದು ಗುಣಾಕಾರದ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಂಡಿದ್ದೆ. ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಗುಣಿಸಿದಾಗ ಬಂದ ಉತ್ತರ 12332424321. ಗ್ರಂಥದ ಪ್ರಕಾರ ಬರಬೇಕಾಗಿದ್ದು 12345654321. ಎರಡು ಬಾರಿ ಗುಣಿಸಿದೆ, ಮೂರನೆಯ ಬಾರಿ ಮೊಬೈಲಿನಲ್ಲಿ ಗುಣಿಸಿದೆ. ಅದೇ ಉತ್ತರ. ಮರುದಿನ ಗ್ರಂಥಾಲಯಕ್ಕೆ ಹೋಗಿ ಮೂಲ ನೋಡಿದರೆ ತಪ್ಪು ನನ್ನದೇ. 27994681 ಎಂದು ಇದ್ದದ್ದನ್ನು ನಾನು 27964681 ಎಂದು ಬರೆದುಕೊಂಡಿದ್ದೆ. ನನ್ನ ಅವಸರದ ಬರಹದಲ್ಲಿ ೯ ಹೋಗಿ ೬ ಆಗಿತ್ತು.

ಆ ಅಂಕಿ ತಿದ್ದಿ, 27994681ನ್ನು 441ರಿಂದ ಗುಣಿಸಿದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ ಕಾಗದದ ಮೇಲೆ ಮೂಡಿತು. ಆಗ ಹೊಳೆದದ್ದು ಇಷ್ಟು: ನನ್ನ ತಪ್ಪನ್ನು ಹಿಡಿದುಕೊಟ್ಟದ್ದು ಗ್ರಂಥಪಾಲಕರಲ್ಲ, ಮಾರ್ಗದರ್ಶಕರಲ್ಲ, ಆ ಸಂಖ್ಯೆಯೇ. ಉತ್ತರದ ಚೆಲುವು ಕೆಟ್ಟಿದ್ದರಿಂದಲೇ ಲೆಕ್ಕ ಕೆಟ್ಟಿದೆಯೆಂದು ತಿಳಿದಿತ್ತು. ಸುಮಾರು ಹನ್ನೊಂದೂವರೆ ಶತಮಾನದ ಹಿಂದೆ ಈ ಲೆಕ್ಕ ಮಾಡಿದ ಹುಡುಗನಿಗೂ ಹೀಗೇ ತಿಳಿದಿರಬೇಕಲ್ಲವೇ? ಅಲ್ಲಿಯವರೆಗೆ ನಾನು ಈ ಭಾಗವನ್ನು ಪಂಡಿತರ ಬಿಡುವಿನ ವಿನೋದ ಎಂದು ದಾಟಿಹೋಗುತ್ತಿದ್ದೆ. ಈ ಬರಹ ಆ ಒಂದೇ ಸಂಖ್ಯೆಯ ಕುರಿತದ್ದು.

*

ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ. ಗ್ರಂಥದ ಆರಂಭದಲ್ಲಿ ಜಿನನನ್ನು ಸ್ತುತಿಸಿದ ಮೇಲೆ ಅವನು ಹೊಗಳುವುದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು. ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರ ಸುಮಾರಿಗೆ, ಆಳಿದ್ದು ಅರವತ್ತಕ್ಕೂ ಹೆಚ್ಚು ವರ್ಷ. ಹಾಗಾಗಿ ಈ ಗ್ರಂಥದ ಕಾಲವನ್ನು ವಿದ್ವಾಂಸರು 850ರ ಆಸುಪಾಸು ಎಂದು ಇಡುತ್ತಾರೆ. ಆ ದೊರೆಯ ರಾಜಧಾನಿ ಮಾನ್ಯಖೇಟ. ಇವತ್ತು ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ. ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನಲ್ಲಿರುವ 851ರ ವೃತ್ತಾಂತ, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಇಲ್ಲಿಯ ದೊರೆಯನ್ನು ಎಣಿಸುತ್ತದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಮೋಘವರ್ಷನೆಂದರೆ ತಕ್ಷಣ ನೆನಪಾಗುವುದು 'ಕವಿರಾಜಮಾರ್ಗ'. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅದೇ ಅರಸನ ನೆರಳಿನಲ್ಲಿ, ಸಂಸ್ಕೃತದಲ್ಲಿ, ಇನ್ನೊಂದು ದೊಡ್ಡ ಗ್ರಂಥ ಹುಟ್ಟಿತು ಎಂಬುದನ್ನು ನಾವು ಪರೀಕ್ಷೆಗೆ ಒಂದು ಸಾಲಿನಲ್ಲಿ ಓದಿ ಮರೆಯುತ್ತೇವೆ. ಎಂ.ಎ. ತರಗತಿಯಲ್ಲಿ ನಾನೂ ಹಾಗೆಯೇ ಮರೆತಿದ್ದೆ.

'ಗಣಿತಸಾರಸಂಗ್ರಹ' ಇಡೀ ಗ್ರಂಥ ಗಣಿತಕ್ಕೇ ಮೀಸಲು. ಅದಕ್ಕಿಂತ ಮೊದಲಿನ ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತ ಖಗೋಳಶಾಸ್ತ್ರದ ಜೊತೆಗೆ ಬರುತ್ತದೆ. ಇಲ್ಲಿ ಗ್ರಹಗಳಿಲ್ಲ, ಗ್ರಹಣಗಳಿಲ್ಲ. ಗಣಿತ ಎಲ್ಲೆಲ್ಲಿ ಬೇಕು ಎಂದು ಹೇಳುವಾಗ ಮಹಾವೀರ ಕೊಡುವ ಪಟ್ಟಿಯಲ್ಲಿ ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಎಲ್ಲವೂ ಇವೆ. ಅಡುಗೆಮನೆಯನ್ನೂ ಛಂದಸ್ಸನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಧೈರ್ಯ ನನಗೆ ಇಷ್ಟ.

ಪರಿಭಾಷೆಗಳ ಅಧ್ಯಾಯ ಮುಗಿದು ಲೆಕ್ಕ ಶುರುವಾಗುವುದು ಗುಣಾಕಾರದಿಂದ. ಕೂಡುವುದು, ಕಳೆಯುವುದು ಗೊತ್ತೇ ಇರುತ್ತದೆ ಎಂಬಂತೆ ಅವನು ಅವುಗಳನ್ನು ಬೇರೆಯಾಗಿ ಕಲಿಸಲು ಹೋಗುವುದಿಲ್ಲ. ಮೊದಲು ಜಿನಾಲಯಗಳಿಗೆ ಹೂವನ್ನೋ ರತ್ನವನ್ನೋ ಒಪ್ಪಿಸುವ ಸರಳ ಲೆಕ್ಕಗಳು ಬರುತ್ತವೆ. ಅವುಗಳ ಬೆನ್ನಿಗೇ ಬರುವುದು ವಿಚಿತ್ರ ಸಂಖ್ಯೆಗಳ ಒಂದು ಸಾಲು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಉತ್ತರಗಳನ್ನು ಅವನು ಕೊರಳ ಹಾರಕ್ಕೆ, ಅರಸನ ಆಭರಣಕ್ಕೆ ಹೋಲಿಸುತ್ತಾನೆ. ಈ ಸಾಲಿನಲ್ಲೇ ಇದೆ ನಮ್ಮ 27994681 ಮತ್ತು 441.

*

12345654321ನ್ನು ಜೋರಾಗಿ ಓದಿ ನೋಡಿ. ಒಂದು ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಲ್ಲಿದೆ ಹಾರ? ಮಾತಿನಲ್ಲಿ ಹೇಳಿದ ಕೂಡಲೇ ಅದು ಮಾಯವಾಗುತ್ತದೆ. ಈ ಸಂಖ್ಯೆಯ ಚೆಲುವು ಅದರ ಬೆಲೆಯಲ್ಲಿಲ್ಲ, ಅದನ್ನು ಬರೆಯುವ ರೀತಿಯಲ್ಲಿದೆ. ರೋಮನ್ ಅಕ್ಷರಗಳಲ್ಲಿ ಲೆಕ್ಕ ಇಡುತ್ತಿದ್ದವರಿಗೆ ಇದು ಕಾಣುವ ಸಾಧ್ಯತೆಯೇ ಇರಲಿಲ್ಲ.

ಮಹಾವೀರ ಈ ಸಂಖ್ಯೆಯನ್ನು ಹೇಗೆ ಹೇಳುತ್ತಾನೆಂಬುದು ಇಲ್ಲಿ ಮುಖ್ಯ. ಆ ಕಾಲದ ಗ್ರಂಥಗಳಲ್ಲಿ ಅಂಕಿಗಳನ್ನು ಪದ್ಯಕ್ಕೆ ಹೊಂದಿಸಲು ಭೂತಸಂಖ್ಯೆಯ ಪದ್ಧತಿ ಇತ್ತು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬೆಂಕಿಯೆಂದರೆ ಮೂರು, ಕಡಲೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಮಹಾವೀರ ತಾನೇ ಮೊದಲ ಅಧ್ಯಾಯದಲ್ಲಿ ಇಂಥ ಪದಗಳ ಉದ್ದ ಪಟ್ಟಿ ಕೊಡುತ್ತಾನೆ. ಬೇಕೆಂದಿದ್ದರೆ ಚಂದ್ರನಿಂದ ಹೊರಟು ಕಣ್ಣು, ಬೆಂಕಿ, ಕಡಲು, ಬಾಣಗಳನ್ನು ದಾಟಿ ಋತುವನ್ನು ಮುಟ್ಟಿ, ಬಂದ ದಾರಿಯಲ್ಲೇ ಚಂದ್ರನಿಗೆ ಮರಳಬಹುದಿತ್ತು. ಅವನು ಹಾಗೆ ಮಾಡುವುದಿಲ್ಲ. ಒಂದರಿಂದ ತೊಡಗಿ ಆರರವರೆಗೆ ಹೋಗಿ ಕ್ರಮವಾಗಿ ಕಡಿಮೆಯಾಗುವ ಸಂಖ್ಯೆ ಎಂಬರ್ಥದ ಕೆಲವೇ ಪದಗಳಲ್ಲಿ ಮುಗಿಸಿಬಿಡುತ್ತಾನೆ.

ಇದು ಸಂಖ್ಯೆಯ ಹೆಸರಲ್ಲ, ಅದರ ರೂಪದ ವರ್ಣನೆ. ಹೀಗೆ ಹೇಳಿದರೆ ಸಾಕು, ಓದುಗನ ಕಣ್ಣಮುಂದೆ ಹನ್ನೊಂದು ಅಂಕಿಗಳು ಸಾಲಾಗಿ ನಿಲ್ಲುತ್ತವೆ ಎಂಬ ಭರವಸೆ ಲೇಖಕನಿಗಿದೆ. ಬಿಡಿ, ಹತ್ತು, ನೂರು ಎಂಬ ಸ್ಥಾನಬೆಲೆಯ ಪದ್ಧತಿ ಆ ಓದುಗನಿಗೆ ಹೊಸ ವಿದ್ಯೆಯಾಗಿ ಉಳಿದಿಲ್ಲ, ನಾಲಿಗೆಗೆ ಹತ್ತಿದ ಮಗ್ಗಿಯಂತೆ ಆಗಿಹೋಗಿದೆ. ಇದೇ ಶತಮಾನದ 876ರಲ್ಲಿ ಗ್ವಾಲಿಯರಿನ ಚತುರ್ಭುಜ ದೇವಾಲಯದ ಶಾಸನದಲ್ಲಿ 270 ಮತ್ತು 50 ಎಂಬ ಸಂಖ್ಯೆಗಳು ಸೊನ್ನೆಯ ಸಮೇತ ಕೆತ್ತಲ್ಪಟ್ಟಿವೆ. ಆ 50 ಏನು ಗೊತ್ತೇ? ದೇವರಿಗೆ ದಿನವೂ ಒಪ್ಪಿಸಬೇಕಾದ ಹೂಮಾಲೆಗಳ ಲೆಕ್ಕ. ಕಲ್ಲಿನ ಮೇಲೆ ಮಾಲೆಯನ್ನು ಸಂಖ್ಯೆಯಿಂದ ಎಣಿಸಿದ್ದಾರೆ. ಮಹಾವೀರನ ಗ್ರಂಥದಲ್ಲಿ ಸಂಖ್ಯೆಯೇ ಮಾಲೆಯಾಗಿದೆ.

ಇನ್ನೊಂದು ಸ್ವಾರಸ್ಯವಿದೆ. ಭೂತಸಂಖ್ಯೆಯಲ್ಲಿ ಅಂಕಿಗಳನ್ನು ಬಿಡಿ ಸ್ಥಾನದಿಂದ ಹೇಳುತ್ತ ಹೋಗುವುದು ವಾಡಿಕೆ. ಬರೆಯುವಾಗ ಬಲದಿಂದ ಎಡಕ್ಕೆ ಸಾಗಬೇಕು. ಹೊಸಬರು ಎಡವುವುದು ಇಲ್ಲೇ. ಎರಡೂ ಕಡೆಯಿಂದ ಒಂದೇ ಆಗುವ ಸಂಖ್ಯೆಗೆ ಆ ಭಯವಿಲ್ಲ. ಯಾವ ತುದಿಯಿಂದ ಬರೆಯಲು ಶುರುಮಾಡಿದರೂ ಅದು ಅದೇ.

*

ಈಗ ಸಂಖ್ಯೆಯ ಒಳಗೆ ಹೋಗೋಣ. ಸಾಹಿತ್ಯದ ಓದುಗರು ಹೆದರಬೇಕಾಗಿಲ್ಲ, ಶಾಲೆಯ ಗುಣಾಕಾರ ಸಾಕು.

111111ನ್ನು 111111ರಿಂದಲೇ ಗುಣಿಸಿ. ಒಂದರ ಕೆಳಗೊಂದು ಆರು ಸಾಲು ಬರುತ್ತವೆ. ಪ್ರತಿ ಸಾಲೂ 111111, ಒಂದೊಂದು ಸ್ಥಾನ ಎಡಕ್ಕೆ ಜರುಗಿರುತ್ತದೆ. ಈಗ ಕಂಬಸಾಲುಗಳನ್ನು ಕೂಡಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1, ಮುಂದಿನದರಲ್ಲಿ ಎರಡು, ಅದರ ಮುಂದೆ ಮೂರು. ನಟ್ಟನಡುವೆ ಆರು. ಆಮೇಲೆ ಅದೇ ಕ್ರಮದಲ್ಲಿ ಇಳಿಕೆ. ಉತ್ತರ 12345654321. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ಸಂಖ್ಯೆಯ ವರ್ಗ. ಅದರ ಅಂಕಿಗಳನ್ನೆಲ್ಲ ಕೂಡಿದರೆ 36 ಬರುತ್ತದೆ, ಅದು 6ರ ವರ್ಗ. ಆರು ಸಾಲುಗಳಲ್ಲಿ ಆರಾರು ಒಂದುಗಳಿದ್ದವಲ್ಲ, ಅವೇ ಮೂವತ್ತಾರು ಒಂದುಗಳು ಹಾರದ ಮಣಿಗಳಾಗಿ ಹಂಚಿಹೋಗಿವೆ.

ಈ ಏರಿಳಿತ ಎಲ್ಲಿಯವರೆಗೆ ನಡೆಯುತ್ತದೆ? ಒಂಬತ್ತು ಒಂದುಗಳವರೆಗೆ. 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದರೆ ನಡುವಿನ ಮೊತ್ತ ಹತ್ತಾಗುತ್ತದೆ, ಪಕ್ಕದ ಮನೆಗೆ ದಶಕ ಒಯ್ಯಬೇಕಾಗುತ್ತದೆ, ಉತ್ತರ 1234567900987654321 ಆಗಿ ಹಾರ ಹರಿಯುತ್ತದೆ.

ಮಹಾವೀರ 111111ನ್ನು ವರ್ಗ ಮಾಡಿ ಎಂದು ಕೇಳಿದ್ದರೆ ಗುಟ್ಟು ಅಲ್ಲಿಗೇ ರಟ್ಟಾಗುತ್ತಿತ್ತು. ಅವನು ಕೇಳುವುದು 27994681 ಮತ್ತು 441ರ ಗುಣಾಕಾರ. 441 ಎಂಬುದು 21ರ ವರ್ಗ. ಹಾಗಾದರೆ 27994681 ಕೂಡ ಯಾವುದಾದರೂ ಸಂಖ್ಯೆಯ ವರ್ಗವೇ ಆಗಿರಬೇಕು. ಹೌದು, 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111.

ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ಚಿತ್ರ ಇನ್ನೂ ಸ್ಪಷ್ಟ. 111111 ಎಂದರೆ 3, 7, 11, 13, 37 ಈ ಐದರ ಗುಣಲಬ್ಧ. ನಮ್ಮ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಬಾರಿ ಇವೆ. ಅದನ್ನು ಎರಡು ವರ್ಗಸಂಖ್ಯೆಗಳ ಗುಣಾಕಾರವಾಗಿ ಒಡೆಯಲು, 1ನ್ನೂ ಲೆಕ್ಕಕ್ಕೆ ಹಿಡಿದರೆ, 16 ದಾರಿಗಳಿವೆ. ಕೆಲವನ್ನು ನಾನು ಕೂತು ಬರೆದು ನೋಡಿದೆ. 121ನ್ನು 102030201ರಿಂದ ಗುಣಿಸಿದರೂ ಇದೇ ಉತ್ತರ, 12321ನ್ನು 1002001ರಿಂದ ಗುಣಿಸಿದರೂ ಇದೇ. ಆದರೆ ಈ ಪ್ರಶ್ನೆಗಳನ್ನು ನೋಡಿದರೇ ಉತ್ತರದ ಸುಳಿವು ಸಿಕ್ಕಿಬಿಡುತ್ತದೆ, ಅವೇ ಅರ್ಧ ಹಾರಗಳು. ಮಹಾವೀರನ ಗ್ರಂಥದಲ್ಲಿರುವ 27994681 ನೋಡಲು ಏನೂ ಅಲ್ಲದ, ಮುಖಲಕ್ಷಣವೇ ಇಲ್ಲದ ಸಂಖ್ಯೆ. ಅದರೊಳಗೆ ಒಂದು ಹಾರ ಅಡಗಿದೆಯೆಂದು ಯಾರೂ ಊಹಿಸಲಾರರು. ಒಗಟು ಹಾಕುವವನು ಉತ್ತರವನ್ನು ಬಚ್ಚಿಡಲು ಬಲ್ಲವನಾಗಿರಬೇಕು. ಇಲ್ಲಿ ಬಚ್ಚಿಟ್ಟಿರುವ ರೀತಿ ಪಳಗಿದ ಕೈಯದು.

*

ಇಂಥ ಲೆಕ್ಕದ ಉಪಯೋಗವೇನು? ನನ್ನ ಮಾರ್ಗದರ್ಶಕರು ಕೇಳಿದ್ದೂ ಇದನ್ನೇ. "ಇದ್ರಿಂದ ಇತಿಹಾಸಕ್ಕೆ ಏನು ಸಿಗುತ್ತಪ್ಪ? ಬಡ್ಡಿ ಲೆಕ್ಕ, ಚಿನ್ನದ ಲೆಕ್ಕ ನೋಡು, ಅದ್ರಲ್ಲಿ ಸಮಾಜ ಇದೆ" ಎಂದರು. ಅವರ ಮಾತಿನಲ್ಲಿ ನಿಜವಿದೆ. ಗ್ರಂಥದ ಬಡ್ಡಿ ಲೆಕ್ಕಗಳಲ್ಲಿ ವರ್ತಕರಿದ್ದಾರೆ, ಬಂಗಾರದ ಲೆಕ್ಕಗಳಲ್ಲಿ ಅಕ್ಕಸಾಲಿಗರಿದ್ದಾರೆ. 12345654321ರಲ್ಲಿ ಯಾರಿದ್ದಾರೆ?

ಒಂದು ಉತ್ತರ ಕಾವ್ಯದ ಕಡೆಯಿಂದ ಬರುತ್ತದೆ. ಹಿಂದಕ್ಕೂ ಮುಂದಕ್ಕೂ ಒಂದೇ ಆಗಿ ಓದಿಸಿಕೊಳ್ಳುವ ಪದ್ಯಗಳನ್ನು ಆ ಕಾಲದ ಸಹೃದಯರು ಗತಪ್ರತ್ಯಾಗತ ಎನ್ನುತ್ತಿದ್ದರು. ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗ ಇಂಥ ಚಿತ್ರಕಾವ್ಯಕ್ಕೆ ಹೆಸರಾದದ್ದು. ಭಾರವಿ ನಮ್ಮ ನೆಲಕ್ಕೆ ಅಪರಿಚಿತನಲ್ಲ. 634ರ ಐಹೊಳೆ ಶಾಸನದಲ್ಲಿ ಜೈನ ಕವಿ ರವಿಕೀರ್ತಿ ಕಾಳಿದಾಸನ ಜೊತೆಗೆ ಅವನ ಹೆಸರನ್ನೂ ಹೇಳುತ್ತಾನೆ. ಗೋಮೂತ್ರಿಕೆ, ಸರ್ವತೋಭದ್ರಗಳಿಗೆ ಲಕ್ಷಣ ಹೇಳಿದ ದಂಡಿಯ 'ಕಾವ್ಯಾದರ್ಶ' 'ಕವಿರಾಜಮಾರ್ಗ'ಕ್ಕೆ ದೊಡ್ಡ ಆಧಾರ. ಅಕ್ಷರಗಳ ಹಾರ ಕಟ್ಟುವುದನ್ನು ಮೆಚ್ಚುವ ಆಸ್ಥಾನದಲ್ಲಿ ಒಬ್ಬ ಗಣಿತಜ್ಞ ಅಂಕಿಗಳ ಹಾರ ಕಟ್ಟಿದ. 'ವಿಕಟಕವಿ', 'ನವಜೀವನ' ಎಂಬ ಪದಗಳನ್ನು ತಿರುಗಿಸಿ ಓದಿ ಮಕ್ಕಳು ನಗುತ್ತಾರಲ್ಲ, ಆ ಖುಷಿಯ ಬಂಧುವೇ ಇದು. ಗಣಿತ ಮತ್ತು ಕಾವ್ಯ ಅಂದು ಬೇರೆ ಬೇರೆ ಕಟ್ಟಡಗಳ ವಿಭಾಗಗಳಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಆಸ್ಥಾನದ ವಿನೋದವೆಂಬ ಹಳೆಯ ತೀರ್ಮಾನಕ್ಕೇ ಮರಳಿದಂತೆ. ಎರಡನೆಯ ಉತ್ತರ ನನಗೆ ಸಿಕ್ಕಿದ್ದು ನನ್ನದೇ ತಪ್ಪಿನಿಂದ.

ಆಗ ಲೆಕ್ಕ ಮಾಡುತ್ತಿದ್ದದ್ದು ಕಾಗದದ ಮೇಲಲ್ಲ. ಪಾಟಿಯ ಮೇಲೆ, ಇಲ್ಲವೇ ನೆಲದ ಮೇಲೆ ಹರಡಿದ ಧೂಳಿನಲ್ಲಿ. ಗುಣಾಕಾರಕ್ಕೆ ಮಹಾವೀರ ಹೇಳುವ ಕ್ರಮಗಳಲ್ಲಿ ಒಂದು ಕವಾಟಸಂಧಿ, ಅಂದರೆ ಬಾಗಿಲ ಕೀಲು. ಗುಣಿಸಬೇಕಾದ ಎರಡು ಸಂಖ್ಯೆಗಳನ್ನು ಕದಗಳಂತೆ ಒಂದರ ಕೆಳಗೊಂದು ಇಟ್ಟು, ಒಂದನ್ನು ಸ್ಥಾನ ಸ್ಥಾನವಾಗಿ ಜರುಗಿಸುತ್ತ ಹೋಗಬೇಕು. ಹೀಗೆ ಜರುಗಿಸುವಾಗ ಹಳೆಯ ಅಂಕಿಯನ್ನು ಒರೆಸಿ ಆ ಜಾಗದಲ್ಲಿ ಹೊಸದನ್ನು ಬರೆಯುತ್ತಾರೆ. ಲೆಕ್ಕ ಮುಗಿಯುವ ಹೊತ್ತಿಗೆ ಉಳಿಯುವುದು ಉತ್ತರ ಮಾತ್ರ, ನಡೆದು ಬಂದ ದಾರಿ ಅಳಿಸಿಹೋಗಿರುತ್ತದೆ. ನಮ್ಮ ಹಾಗೆ ಮೇಲಿನ ಸಾಲುಗಳನ್ನು ನೋಡಿ ತಪ್ಪು ಹುಡುಕುವಂತಿಲ್ಲ.

ಅಂಥ ಪಾಟಿಯ ಮುಂದೆ ಕುಳಿತ ಹುಡುಗನಿಗೆ ತನ್ನ ಉತ್ತರ ಸರಿಯೋ ತಪ್ಪೋ ಎಂದು ಹೇಗೆ ತಿಳಿಯಬೇಕು? ಗುರು ಪಕ್ಕದಲ್ಲಿದ್ದರೆ ಸರಿ. ಇಲ್ಲದಿದ್ದರೆ? ಉತ್ತರ ಹಾರವಾಗಿದ್ದರೆ ಗುರುವನ್ನು ಕೇಳಬೇಕಾಗಿಲ್ಲ. ಎಂಟು ಅಂಕಿಯ ಸಂಖ್ಯೆಯನ್ನು ಮೂರು ಅಂಕಿಯ ಸಂಖ್ಯೆಯಿಂದ ಗುಣಿಸುವಾಗ ಒಂದೇ ಒಂದು ಅಂಕಿ ತಪ್ಪಿದರೂ ಮಣಿ ಉದುರುತ್ತದೆ. ನನ್ನದು ಉದುರಿದ್ದು ಹಾಗೆಯೇ. ತಾಳೆಗರಿಯನ್ನು ಪ್ರತಿ ಮಾಡುವ ಲಿಪಿಕಾರನಿಗೂ ಇದೇ ರಕ್ಷೆ: ಪ್ರಶ್ನೆಯ ಅಂಕಿ ಕೆಟ್ಟರೆ ಉತ್ತರ ಅದನ್ನು ತೋರಿಸಿಕೊಡುತ್ತದೆ. ಈ ಲೆಕ್ಕಗಳು ಗುಣಾಕಾರದ ಪಾಠದಲ್ಲೇ, ಅದೂ ಆರಂಭದಲ್ಲೇ ಬರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ. ಇದು ಅಲಂಕಾರವೂ ಹೌದು, ಪಾಠವೂ ಹೌದು.

ಹಾಗಾಗಿ ಮಾರ್ಗದರ್ಶಕರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಈ ಸಂಖ್ಯೆಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ. ರಾಷ್ಟ್ರಕೂಟರ ಕಾಲದ ವಿದ್ಯಾಭ್ಯಾಸದ ಬಗ್ಗೆ ನಮಗಿರುವ ಶಾಸನಗಳು ಅಗ್ರಹಾರಕ್ಕೆ ಕೊಟ್ಟ ಭೂಮಿಯನ್ನು ಹೇಳುತ್ತವೆ, ದಾನಿಯ ವಂಶಾವಳಿಯನ್ನು ಹೇಳುತ್ತವೆ. ಪಾಠ ಹೇಗೆ ನಡೆಯುತ್ತಿತ್ತು, ಕಲಿಯುವವನು ತಪ್ಪಿದಾಗ ಏನಾಗುತ್ತಿತ್ತು ಎಂಬುದರ ಸುಳಿವು ಬೇಕೆಂದರೆ ಇಂಥ ಲೆಕ್ಕಗಳ ಕಡೆಗೇ ಬರಬೇಕು. ಬೆತ್ತದ ಬದಲು ಸೌಂದರ್ಯದಿಂದ ತಪ್ಪು ತೋರಿಸುವ ಪಾಠ ಇಲ್ಲಿದೆ. ಅವರು ಪೂರ್ತಿ ಒಪ್ಪಿಲ್ಲ. ಆ ಭಾಗವನ್ನು ಪ್ರಬಂಧದಿಂದ ತೆಗೆಯುವಂತೆಯೂ ಹೇಳಿಲ್ಲ.

*

ಗ್ರಂಥ ದೂರದವರೆಗೆ ಹೋಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ'ದಂಥ ಕೃತಿಗಳನ್ನು ಬರೆಯುವಾಗ ಈ ಜೈನ ಗಣಿತ ಪರಂಪರೆ ಬೆನ್ನಿಗಿತ್ತು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅವರಿಗೆ ಸಿಕ್ಕ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳೂ ಇದ್ದವು, ಮೂಡುಬಿದಿರೆಯ ಜೈನ ಭಂಡಾರದ್ದೂ ಒಂದಿತ್ತು. ಆ ಮುದ್ರಣಕ್ಕೆ ಪ್ರಸ್ತಾವನೆ ಬರೆದವರು ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್. ಕನ್ನಡ ಲಿಪಿ ಕಾಪಾಡಿದ ಸಂಸ್ಕೃತ ಗ್ರಂಥ ಇಂಗ್ಲಿಷಿನ ಮೂಲಕ ಲೋಕಕ್ಕೆ ತಿಳಿಯಿತು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ ಅದು ಹೊಂಬುಜ ಜೈನ ಮಠದಿಂದ ಹೊರಬಂತು.

ಸಂಖ್ಯೆಗೂ ಇಪ್ಪತ್ತನೆಯ ಶತಮಾನದಲ್ಲಿ ಒಂದು ಹೊಸ ಹೆಸರು ಸಿಕ್ಕಿತು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್, 6174ರ ಚಮತ್ಕಾರದಿಂದ ಹೆಸರಾದವರು, 1, 121, 12321 ಎಂದು ಸಾಗುವ ಈ ಕುಲವನ್ನು ಡೆಮ್ಲೊ ಸಂಖ್ಯೆಗಳೆಂದು ಕರೆದರು. ಡೆಮ್ಲೊ ಎಂದರೆ ಮುಂಬಯಿ ಬಳಿಯ ರೈಲು ನಿಲ್ದಾಣ, ಇಂದಿನ ಡೊಂಬಿವಲಿ. ಈ ಸಂಖ್ಯೆಗಳ ವಿಚಾರ ಅವರಿಗೆ ಹೊಳೆದದ್ದು ಅಲ್ಲಿ. ಒಬ್ಬನಿಗೆ ಅರಸನ ಕೊರಳು ನೆನಪಾಯಿತು, ಇನ್ನೊಬ್ಬರಿಗೆ ರೈಲು ನಿಲ್ದಾಣ. ಇಬ್ಬರೂ ಕಲಿಸುವವರೇ.

ಇಷ್ಟು ಹೇಳಿದ ಮೇಲೆ, 'ನಮ್ಮವರು ಎಲ್ಲವನ್ನೂ ಆಗಲೇ ಕಂಡುಹಿಡಿದಿದ್ದರು' ಎಂಬ ಸಂದೇಶ ಮಾಡಿ ಇದನ್ನು ವಾಟ್ಸಾಪಿಗೆ ಹಾಕುವ ಆಸೆ ಯಾರಿಗಾದರೂ ಬಂದೀತು. ಹಾಗೆ ಮಾಡುವುದು ಮಹಾವೀರನಿಗೆ ಗೌರವವಲ್ಲ. ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ ಅದೇ ಮಹಾವೀರ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೂ ಹೇಳಿದ. ಎರಡನೆಯದು ತಪ್ಪು. ತಪ್ಪು ಹಿಡಿಯುವ ಲೆಕ್ಕಗಳನ್ನು ಕಟ್ಟಿದವನ ಗ್ರಂಥದಲ್ಲಿ ತಪ್ಪನ್ನು ತಪ್ಪೆನ್ನುವುದೇ ಅವನ ಪಾಠವನ್ನು ಕಲಿತಿದ್ದೇವೆ ಎಂಬುದಕ್ಕೆ ಗುರುತು.

ಈಗಲೂ ನಾನು ಟಿಪ್ಪಣಿಗಳನ್ನು ಕನ್ನಡ ಅಂಕಿಗಳಲ್ಲೇ ಬರೆಯುತ್ತೇನೆ. ೬ ಮತ್ತು ೯ರ ಬಾಲಗಳನ್ನು ಮಾತ್ರ ಸ್ವಲ್ಪ ಎಳೆದು ಬರೆಯುತ್ತೇನೆ. ನಿಮ್ಮ ಕೈಗೆ ಪೆನ್ಸಿಲು ಸಿಕ್ಕಾಗ, ಮೊಬೈಲನ್ನು ಪಕ್ಕಕ್ಕಿಟ್ಟು, ೨೭೯೯೪೬೮೧ನ್ನು ೪೪೧ರಿಂದ ಒಮ್ಮೆ ಗುಣಿಸಿ ನೋಡಿ. ಸರಿ ಬಂದಿದೆಯೇ ಎಂದು ಯಾರನ್ನೂ ಕೇಳಬೇಕಾಗಿಲ್ಲ.